ಫೋಲ್ಡರಿನ ಮೇಲೆ ಯಾರಿಗೆ ಎಷ್ಟು ಹಕ್ಕು?

1960ರ ದಶಕದ ಮಧ್ಯಭಾಗ. ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಹಲವಾರು ಮಂದಿ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ನಡೆಯುತ್ತಿತ್ತು. ಯಂತ್ರ ಐಬಿಎಂ 7094. ಟರ್ಮಿನಲ್ ಮುಂದೆ ಕೂತು ಲಾಗಿನ್ ಆದವರಿಗೆ ಆ ದಿನದ ಸೂಚನೆ ತಾನಾಗಿ ಟೈಪಾಗಿ ಬರುವುದು ವಾಡಿಕೆ. ಒಂದು ಮಧ್ಯಾಹ್ನ ಸೂಚನೆಯ ಬದಲು ಬಂದದ್ದು ಪಾಸ್‌ವರ್ಡ್ ಫೈಲ್. ಒಬ್ಬಿಬ್ಬರದ್ದಲ್ಲ, ಬಳಕೆದಾರರೆಲ್ಲರ ಪಾಸ್‌ವರ್ಡುಗಳು, ಯಾರು ಲಾಗಿನ್ ಆದರೆ ಅವರ ಮುಂದೆ. ಹದಿನೈದಿಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಬಳಕೆದಾರರೊಬ್ಬರು ಮೇಲ್ವಿಚಾರಕರಿಗೆ ಫೋನ್ ಮಾಡಿ ತಿಳಿಸಿದ ಮೇಲೆ ಗಡಿಬಿಡಿಯಲ್ಲಿ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು.

ಇಲ್ಲಿ ಯಾರೂ ಕನ್ನ ಹಾಕಿರಲಿಲ್ಲ. ಸಿಟಿಎಸ್‌ಎಸ್‌ನ ಎಡಿಟರ್ ತಂತ್ರಾಂಶ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಒಂದು ಡೈರೆಕ್ಟರಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಕೆಲಸ ಮಾಡುತ್ತಾರೆ ಎಂದುಕೊಂಡು ಹಾಗೆ ಬರೆದಿದ್ದರು. ಆಮೇಲೆ ಕೆಲಸ ಹೆಚ್ಚಿತು. ವ್ಯವಸ್ಥೆಯ ಫೈಲುಗಳಿದ್ದ ಡೈರೆಕ್ಟರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಒಟ್ಟಿಗೆ ಹೋಗಬಹುದು ಎಂದು ನಿಯಮ ಸಡಿಲಿಸಿದರು. ಆ ದಿನ ಒಬ್ಬರು ದಿನದ ಸೂಚನೆ ತಿದ್ದುತ್ತಿದ್ದರು, ಇನ್ನೊಬ್ಬರು ಅದೇ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಫೈಲ್ ತಿದ್ದುತ್ತಿದ್ದರು. ಎರಡು ಕೆಲಸದ ತಾತ್ಕಾಲಿಕ ಫೈಲುಗಳು ಒಂದೇ ಹೆಸರಿನಲ್ಲಿ ಅದಲುಬದಲಾದವು. ಸಿಟಿಎಸ್‌ಎಸ್ ಕಟ್ಟಿದ ಫರ್ನಾಂಡೊ ಕಾರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಸಂದಾಗ, ಪ್ರಶಸ್ತಿಯ ಉಪನ್ಯಾಸದಲ್ಲಿ ಅವರು ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದರು.

ಎಲ್ಲರ ಗಮನ ಫೈಲಿನ ಮೇಲಿರುವಾಗ ಅನಾಹುತ ಡೈರೆಕ್ಟರಿಯ ಕಡೆಯಿಂದ ಬರುತ್ತದೆ. ಕಂಪ್ಯೂಟರ್ ಭದ್ರತೆಯ ಅರವತ್ತು ವರ್ಷಗಳ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಡೈರೆಕ್ಟರಿ ಎಂದರೆ ಸಾಮಾನ್ಯ ಬಳಕೆದಾರರು ಫೋಲ್ಡರ್ ಎನ್ನುವುದೇ. ಫೋಲ್ಡರಿನ ಮೇಲಿನ ಹಕ್ಕು ಅದರೊಳಗಿನ ಫೈಲಿನ ಮೇಲಿನ ಹಕ್ಕಿಗಿಂತ ಬೇರೆ, ಎಷ್ಟೋ ಸಲ ಅದಕ್ಕಿಂತ ದೊಡ್ಡದು. ಸರ್ವರ್ ನೋಡಿಕೊಳ್ಳುವವರಿಂದ ಹಿಡಿದು ಮೊಬೈಲಿನಲ್ಲಿ ‘ಅನುಮತಿಸು’ ಗುಂಡಿ ಒತ್ತುವವರ ತನಕ ಎಲ್ಲರೂ ಇದನ್ನು ತಿಳಿದಿರುವುದು ಒಳ್ಳೆಯದು.

ಸಿಟಿಎಸ್‌ಎಸ್ ಬಳಿಕ ಎಂಐಟಿಯಲ್ಲಿ ರೂಪುಗೊಂಡದ್ದು ಮಲ್ಟಿಕ್ಸ್. ಅದರ ಭದ್ರತೆಯ ಮೇಲೆ ದುಡಿದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಸುರಕ್ಷಿತ ವ್ಯವಸ್ಥೆ ಕಟ್ಟಲು ಅವರು ಕೊಟ್ಟ ಎಂಟು ಸೂತ್ರಗಳಲ್ಲಿ ಒಂದು ಕನಿಷ್ಠ ಹಕ್ಕಿನ ಸೂತ್ರ. ಪ್ರತಿಯೊಂದು ಪ್ರೋಗ್ರಾಮಿಗೂ ಪ್ರತಿಯೊಬ್ಬ ಬಳಕೆದಾರರಿಗೂ ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕು, ಅದಕ್ಕಿಂತ ಒಂದು ಎಳೆಯೂ ಹೆಚ್ಚಿರಬಾರದು ಎಂಬುದು ಅದರ ಸಾರ. ಇದಕ್ಕೆ ಅವರು ಕೊಡುವ ಮೊದಲ ಕಾರಣ ಕಳ್ಳರ ಭಯವಲ್ಲ. ಆಕಸ್ಮಿಕವೋ ತಪ್ಪೋ ನಡೆದಾಗ ಹಾನಿ ಒಂದು ಮಿತಿಯೊಳಗೆ ನಿಲ್ಲಬೇಕು ಎಂಬುದು. ಭದ್ರತೆ ಎಂದೊಡನೆ ಹ್ಯಾಕರುಗಳನ್ನಷ್ಟೇ ನೆನೆಯುವವರು ಈ ಕಾರಣವನ್ನು ಮರೆಯುತ್ತಾರೆ. ಎಂಐಟಿಯ ಆ ಮಧ್ಯಾಹ್ನ ನಡೆದದ್ದು ಆಕಸ್ಮಿಕವೇ.

ಒಂಬತ್ತು ಗುರುತುಗಳು

ಮಲ್ಟಿಕ್ಸ್‌ನಲ್ಲಿ ಫೈಲಿಗೆ ಒಂದು ಬಗೆಯ ಹಕ್ಕುಗಳಿದ್ದರೆ ಡೈರೆಕ್ಟರಿಗೆ ಬೇರೆಯೇ ಬಗೆಯವು ಇದ್ದವು. ಒಳಗೇನಿದೆ ಎಂದು ನೋಡುವುದು ಒಂದು, ಇರುವುದನ್ನು ಬದಲಿಸುವುದು ಇನ್ನೊಂದು, ಹೊಸದನ್ನು ಸೇರಿಸುವುದು ಮತ್ತೊಂದು. ಸೇರಿಸುವ ಹಕ್ಕನ್ನೂ ಬದಲಿಸುವ ಹಕ್ಕನ್ನೂ ಬೇರ್ಪಡಿಸಿದ್ದು ಬಹಳ ಜಾಣತನದ ಕೆಲಸ. ಏಕೆಂದರೆ, ತಂದು ಹಾಕಬಹುದು ಆದರೆ ತೆಗೆಯುವಂತಿಲ್ಲ ಎನ್ನುವ ಸಂದರ್ಭ ನಿತ್ಯ ವ್ಯವಹಾರದಲ್ಲಿ ಪದೇ ಪದೇ ಬರುತ್ತದೆ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಯೋಜನೆಯಿಂದ ಹೊರಬಂತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಚಿಕ್ಕದೊಂದು ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಕಟ್ಟಲು ತೊಡಗಿದರು. ಯಂತ್ರ ಚಿಕ್ಕದಾದ್ದರಿಂದ ಎಲ್ಲವೂ ಸರಳವಾಗಬೇಕಿತ್ತು. 1971ರ ನವೆಂಬರಿನಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲಿ ಫೈಲಿನ ಒಡೆಯರಿಗೆ ಓದುವ ಮತ್ತು ಬರೆಯುವ ಹಕ್ಕು, ಉಳಿದವರಿಗೆ ಓದುವ ಮತ್ತು ಬರೆಯುವ ಹಕ್ಕು, ಎಲ್ಲರಿಗೂ ಸೇರಿ ಚಲಾಯಿಸುವ ಒಂದೇ ಗುರುತು ಇದ್ದವು. ಗುಂಪು ಎಂಬ ಕಲ್ಪನೆ ಆಮೇಲೆ ಬಂತು. ಹೀಗೆ ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗಕ್ಕೆ ಮೂರು ಮೂರು ಹಕ್ಕು ಸೇರಿ ಒಂಬತ್ತು ಗುರುತಾದವು. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಪ್ರತಿ ವರ್ಗಕ್ಕೂ ಕೂಡಿಸಿ ಸಾಲಾಗಿಟ್ಟರೆ 755, 644, 700 ಮುಂತಾದ ಸಂಖ್ಯೆಗಳು ಸಿಗುತ್ತವೆ; ಇವಕ್ಕೆ ಮೋಡ್ ಎನ್ನುತ್ತಾರೆ. ಇಂದಿನ ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರ ತಳದಲ್ಲೂ ಈ ಒಂಬತ್ತು ಗುರುತುಗಳೇ ಇವೆ.

ಫೈಲಿನ ಮಟ್ಟಿಗೆ ಇವುಗಳ ಅರ್ಥ ಯಾರಿಗಾದರೂ ಹೊಳೆಯುತ್ತದೆ. ಡೈರೆಕ್ಟರಿಗೆ ಬಂದಾಗ ಅದೇ ಗುರುತುಗಳು ಬೇರೆ ಅರ್ಥ ಪಡೆಯುತ್ತವೆ. ಡೈರೆಕ್ಟರಿಯನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ರಿಜಿಸ್ಟರಿನಂತೆ ಕಲ್ಪಿಸಿಕೊಳ್ಳಬಹುದು. ರಿಜಿಸ್ಟರಿನಲ್ಲಿ ದಾಖಲೆ ಇರುವುದಿಲ್ಲ. ದಾಖಲೆಯ ಹೆಸರು ಮತ್ತು ಅದು ಯಾವ ಕಪಾಟಿನ ಯಾವ ಕಟ್ಟಿನಲ್ಲಿದೆ ಎಂಬ ಸಂಖ್ಯೆ ಇರುತ್ತದೆ. ಡೈರೆಕ್ಟರಿಯಲ್ಲಿ ಇರುವುದೂ ಅಷ್ಟೇ: ಫೈಲಿನ ಹೆಸರು ಮತ್ತು ಐನೋಡ್ ಎಂಬ ಒಂದು ಸಂಖ್ಯೆ. ಡೈರೆಕ್ಟರಿಯನ್ನು ‘ಓದುವ’ ಹಕ್ಕು ಎಂದರೆ ರಿಜಿಸ್ಟರಿನಲ್ಲಿರುವ ಹೆಸರುಗಳನ್ನು ಓದುವ ಹಕ್ಕು. ‘ಬರೆಯುವ’ ಹಕ್ಕು ಎಂದರೆ ಹೊಸ ಸಾಲು ಸೇರಿಸುವ, ಇದ್ದ ಸಾಲು ಹೊಡೆದುಹಾಕುವ, ಹೆಸರು ತಿದ್ದುವ ಹಕ್ಕು. ‘ಚಲಾಯಿಸುವ’ ಗುರುತು ಇಲ್ಲಿ ಏನನ್ನೂ ಚಲಾಯಿಸುವುದಿಲ್ಲ. ಒಳಗೆ ಹೋಗಿ, ಹೆಸರು ಹೇಳಿ, ಆ ದಾಖಲೆಯನ್ನು ತಲುಪುವ ಹಕ್ಕು ಅದು.

ಇದರ ಪರಿಣಾಮ ಮೊದಲ ಸಲ ಕಂಡವರಿಗೆ ನಂಬಿಕೆಯೇ ಬರುವುದಿಲ್ಲ. ಬಳಕೆದಾರರೊಬ್ಬರ ಸ್ವಂತ ಫೋಲ್ಡರಿನಲ್ಲಿ, ಯಂತ್ರದ ಸರ್ವಾಧಿಕಾರಿ ಬಳಕೆದಾರನಾದ ರೂಟ್ ಒಡೆತನದ ಫೈಲೊಂದಿದೆ, ಅದರ ಮೋಡ್ 444 ಎಂದಿಟ್ಟುಕೊಳ್ಳಿ. ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ಫೋಲ್ಡರಿನ ಒಡೆಯರು ‘ಆರ್‌ಎಂ’ ಕಮಾಂಡ್ ಕೊಟ್ಟರೆ, ಇದು ಬರೆಯದಂತೆ ರಕ್ಷಿಸಿದ ಫೈಲು, ಅಳಿಸಲೇ ಎಂದು ಅದು ಕೇಳುತ್ತದೆ. ‘ವೈ’ ಒತ್ತಿದರೆ ಫೈಲು ಹೋಯಿತು. ಕೇಳಿದ್ದು ಆ ಕಮಾಂಡಿನ ಸೌಜನ್ಯ ಮಾತ್ರ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆಕ್ಷೇಪ ಎತ್ತುವುದಿಲ್ಲ. ಅಳಿಸುವುದು ಎಂದರೆ ಫೈಲಿನೊಳಗೆ ಬರೆಯುವುದಲ್ಲ, ಡೈರೆಕ್ಟರಿಯಿಂದ ಒಂದು ಸಾಲು ತೆಗೆಯುವುದು, ಆ ಡೈರೆಕ್ಟರಿ ಅವರದೇ. ಅಳಿಸಿದ ಹೆಸರಿನಲ್ಲೇ ಹೊಸ ಫೈಲು ಸೃಷ್ಟಿಸಿ ಇಟ್ಟರೆ ಮುಂದೆ ಓದುವವರಿಗೆ ಸಿಗುವುದು ಹೊಸದು. ಫೈಲಿನ ಮೇಲೆ ಎಷ್ಟೇ ಬಿಗಿ ಹಾಕಿದರೂ ಅದಿರುವ ಡೈರೆಕ್ಟರಿ ಎಲ್ಲರಿಗೂ ಬರೆಯಲು ತೆರೆದಿದ್ದರೆ ಆ ಬಿಗಿಗೆ ಬೆಲೆ ಇಲ್ಲ.

ಇದಕ್ಕೆ ಉಲ್ಟಾ ಪ್ರಸಂಗವೂ ಉಂಟು. ಫೋಲ್ಡರಿಗೆ 711 ಕೊಟ್ಟರೆ ಹೊರಗಿನವರು ಒಳಗಿನ ಪಟ್ಟಿ ಕೇಳಿದಾಗ ‘ಪರ್ಮಿಷನ್ ಡಿನೈಡ್’ ಎಂಬ ಉತ್ತರ ಬರುತ್ತದೆ. ಆದರೆ ಒಳಗಿರುವ ಫೈಲಿನ ಪೂರ್ತಿ ಹೆಸರು ಗೊತ್ತಿದ್ದು, ಆ ಫೈಲು ಓದಲು ತೆರೆದಿದ್ದರೆ ಅದು ಸರಾಗವಾಗಿ ತೆರೆಯುತ್ತದೆ. ಓದುವ ಹಕ್ಕು ಕೊಟ್ಟು ತಲುಪುವ ಹಕ್ಕು ಕಿತ್ತರೆ ಇನ್ನೂ ವಿಚಿತ್ರ: ಹೆಸರುಗಳೆಲ್ಲ ಕಾಣುತ್ತವೆ, ಗಾತ್ರ, ಒಡೆಯ, ದಿನಾಂಕದ ಜಾಗದಲ್ಲಿ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆ.

ಡೈರೆಕ್ಟರಿಯ ಹೆಸರುಪಟ್ಟಿಯ ಬಗ್ಗೆ ಕನ್ನಡದವರಿಗೆ ಉಪಯೋಗವಾಗುವ ಒಂದು ಸಂಗತಿ ಇಲ್ಲೇ ಹೇಳಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆ, ಒತ್ತಕ್ಷರದ ಹಲಂತ ಎಲ್ಲವೂ ಪ್ರತ್ಯೇಕ ಸಂಕೇತಗಳೇ. ‘ಕರ್ನಾಟಕ’ ಎಂಬ ಒಂದು ಪದಕ್ಕೆ 21 ಬೈಟ್. ಇಡೀ ಹೆಸರು 85 ಸಂಕೇತ ಮೀರುವಂತಿಲ್ಲ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿ ಇಡಲು ಹೋದಾಗ ಹೆಸರು ಉದ್ದವಾಯಿತು ಎಂದು ತಕರಾರು ಬರುವುದು ಇದರಿಂದಲೇ.

ಎಲ್ಲರೂ ಬರೆಯುವ ಜಾಗ

ಮಲ್ಟಿಕ್ಸ್ ಬೇರ್ಪಡಿಸಿದ್ದ ಸೇರಿಸುವ ಮತ್ತು ತೆಗೆಯುವ ಹಕ್ಕುಗಳನ್ನು ಯುನಿಕ್ಸ್ ಒಂದೇ ‘ಬರೆಯುವ’ ಗುರುತಿನಲ್ಲಿ ಬೆಸೆಯಿತು. ಸರಳವಾಯಿತು ನಿಜ, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಪ್ರತಿ ಯುನಿಕ್ಸ್ ಯಂತ್ರದಲ್ಲಿ ತಾತ್ಕಾಲಿಕ ಫೈಲುಗಳಿಗೆಂದೇ ಟಿಎಂಪಿ ಎಂಬ ಡೈರೆಕ್ಟರಿ ಇರುತ್ತದೆ. ಎಲ್ಲ ಪ್ರೋಗ್ರಾಮುಗಳೂ ಅಲ್ಲಿ ಬರೆಯುತ್ತವೆ, ಹಾಗಾಗಿ ಅದಕ್ಕೆ 777 ಕೊಡಲೇಬೇಕು. ಕೊಟ್ಟರೆ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಹುದು.

ಪರಿಹಾರ ಬಂದದ್ದು ಬರ್ಕಲಿಯಲ್ಲಿ ರೂಪಿಸಿದ ಯುನಿಕ್ಸ್‌ನ 1986ರ 4.3 ಬಿಎಸ್‌ಡಿ ಆವೃತ್ತಿಯಲ್ಲಿ. ‘ಸ್ಟಿಕಿ ಬಿಟ್’ ಎಂಬ ಹಳೆಯ ಗುರುತೊಂದು ಅದಾಗಲೇ ಇತ್ತು. ಹೆಚ್ಚು ಬಳಸುವ ಪ್ರೋಗ್ರಾಮನ್ನು ಮೆಮೊರಿಯ ಹಿನ್ನೆಲೆ ಜಾಗದಲ್ಲಿ ಅಂಟಿಸಿಡಲು 1970ರ ದಶಕದಲ್ಲಿ ಅದನ್ನು ತಂದಿದ್ದರು. ಬರ್ಕಲಿಯ ತಂಡ ಡೈರೆಕ್ಟರಿಯ ಮಟ್ಟಿಗೆ ಅದಕ್ಕೆ ಹೊಸ ಕೆಲಸ ಕೊಟ್ಟಿತು: ಯಾರು ಬೇಕಾದರೂ ಫೈಲು ಸೇರಿಸಬಹುದು, ಆದರೆ ತೆಗೆಯಲು ಆ ಫೈಲಿನ ಒಡೆಯರೋ ಡೈರೆಕ್ಟರಿಯ ಒಡೆಯರೋ ರೂಟೋ ಆಗಿರಬೇಕು. ಈಗ ಟಿಎಂಪಿಯ ಮೋಡ್ 1777. ಪರ್ಮಿಷನ್ ಪಟ್ಟಿಯ ಕೊನೆಯಲ್ಲಿ ‘ಟಿ’ ಅಕ್ಷರ ಕಾಣುತ್ತದೆ. ಬಿಟ್ಟುಬಂದಿದ್ದ ಮಲ್ಟಿಕ್ಸ್ ವಿವೇಕದಲ್ಲಿ ಅರ್ಧದಷ್ಟನ್ನು ಯುನಿಕ್ಸ್ ಹೀಗೆ ಮರಳಿ ಪಡೆಯಿತು.

ಅದರಿಂದಲೂ ಎಲ್ಲ ಸರಿಹೋಗಲಿಲ್ಲ. ಎಲ್ಲರೂ ಬರೆಯುವ ಜಾಗದಲ್ಲಿ ಒಬ್ಬರು ಮುಂದಾಗಿ ಊಹಿಸಿ, ಇನ್ನೊಂದು ಪ್ರೋಗ್ರಾಮು ಬಳಸಲಿರುವ ಹೆಸರಿನಲ್ಲೇ ಲಿಂಕ್ ಒಂದನ್ನು ಇಟ್ಟು ಕಾಯಬಹುದು. ಆ ಪ್ರೋಗ್ರಾಮು ರೂಟ್ ಹಕ್ಕಿನಲ್ಲಿ ಓಡುತ್ತಿದ್ದರೆ, ತಾತ್ಕಾಲಿಕ ಫೈಲಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಲಿಂಕ್ ತೋರಿಸಿದ ಬೇರಾವುದೋ ಮುಖ್ಯ ಫೈಲನ್ನು ಹಾಳುಮಾಡುತ್ತದೆ. ಇಂಥ ದೋಷಗಳು ದಶಕಗಟ್ಟಲೆ ಬರುತ್ತಲೇ ಇದ್ದವು. 2012ರ ಲಿನಕ್ಸ್ 3.6 ಕರ್ನಲ್‌ನಲ್ಲಿ, ಸ್ಟಿಕಿ ಬಿಟ್ ಇರುವ ಸಾರ್ವಜನಿಕ ಡೈರೆಕ್ಟರಿಯಲ್ಲಿ ಬೇರೆಯವರ ಲಿಂಕನ್ನು ಅನುಸರಿಸದಂತೆ ತಡೆಯುವ ವ್ಯವಸ್ಥೆ ಸೇರಿತು.

777 ಎಂಬ ಚಟ

ವೆಬ್‌ಸೈಟ್ ನಡೆಸುವವರಿಗೆ ಚಿರಪರಿಚಿತ ದೃಶ್ಯವೊಂದಿದೆ. ಪುಟ ಸಿದ್ಧವಾಗಿದೆ, ಫೈಲಿಗೆ 644 ಇದೆ, ಅಂದರೆ ಲೋಕವೆಲ್ಲ ಓದಬಹುದು. ಬ್ರೌಸರಿನಲ್ಲಿ ತೆರೆದರೆ ‘403 ಫರ್ಬಿಡನ್’. ಫೈಲಿನ ಪರ್ಮಿಷನ್ ಮತ್ತೆ ಮತ್ತೆ ನೋಡುತ್ತಾರೆ, ಸರಿಯಾಗಿಯೇ ಇದೆ. ಕಾರಣ ಮೇಲಿನ ಮೆಟ್ಟಿಲುಗಳಲ್ಲಿರುತ್ತದೆ. ಒಂದು ಫೈಲನ್ನು ತಲುಪಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಡೈರೆಕ್ಟರಿಯ ಮೇಲೂ ತಲುಪುವ ಹಕ್ಕು ಬೇಕು. ವೆಬ್ ಸರ್ವರ್ ಪ್ರೋಗ್ರಾಮು ತನ್ನದೇ ಆದ, ಹಕ್ಕು ಕಡಿಮೆ ಇರುವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ರೂಪಗಳಲ್ಲಿ ಆ ಹೆಸರು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ಪುಟವಿರುವ ಫೋಲ್ಡರ್ ಯಾರದೋ ಹೋಮ್ ಡೈರೆಕ್ಟರಿಯ ಒಳಗಿದ್ದು, ಆ ಹೋಮ್ ಡೈರೆಕ್ಟರಿ 700 ಆಗಿದ್ದರೆ ಸರ್ವರ್ ಅಲ್ಲೇ ನಿಂತುಬಿಡುತ್ತದೆ. ‘ನೇಮ್‌ಐ’ ಎಂಬ ಲಿನಕ್ಸ್ ಕಮಾಂಡಿಗೆ ‘-ಎಲ್’ ಸೇರಿಸಿ ಫೈಲಿನ ಪೂರ್ತಿ ವಿಳಾಸ ಕೊಟ್ಟರೆ, ದಾರಿಯ ಒಂದೊಂದು ಡೈರೆಕ್ಟರಿಯ ಒಡೆಯ ಮತ್ತು ಪರ್ಮಿಷನ್ ಸಾಲಾಗಿ ಬರುತ್ತದೆ. ಎಲ್ಲಿ ತಡೆಯಾಗಿದೆ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಆದರೆ ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಕ್ಕು ಬದಲಿಸುವ ಕಮಾಂಡಿನ ಹೆಸರೆತ್ತಿ ‘ಸಿಎಚ್‌ಮಾಡ್ 777 ಕೊಟ್ಟುಬಿಡಿ’ ಎಂಬ ಸಲಹೆ ಕೆಲಸದ ಜಾಗದಲ್ಲಿ ಬಾಯಿಂದ ಬಾಯಿಗೆ ದಾಟುತ್ತದೆ. ಕೊಟ್ಟೊಡನೆ ಪುಟ ತೆರೆಯುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬೇಕಿದ್ದದ್ದು ಒಂದು ಡೈರೆಕ್ಟರಿಯ ಮೇಲೆ ತಲುಪುವ ಹಕ್ಕು ಒಂದೇ. ಕೊಟ್ಟದ್ದು ಯಂತ್ರದಲ್ಲಿರುವ ಪ್ರತಿ ಬಳಕೆದಾರರಿಗೂ ಪ್ರತಿ ಪ್ರೋಗ್ರಾಮಿಗೂ ಅಳಿಸುವ, ಬದಲಿಸುವ, ಹೊಸದು ಸೇರಿಸುವ ಹಕ್ಕು. ಸೈಟಿನ ಕೋಡಿನಲ್ಲಿ ಎಲ್ಲೋ ಒಂದು ಸಣ್ಣ ದೋಷವಿದ್ದರೆ ಸಾಕು, ಹೊರಗಿನಿಂದ ಬಂದವರು ತಮ್ಮದೇ ಪಿಎಚ್‌ಪಿ ಫೈಲೊಂದನ್ನು ಆ ಫೋಲ್ಡರಿಗೆ ಇಳಿಸಿ, ವಿಳಾಸದ ಮೂಲಕ ಕರೆದು, ಸರ್ವರ್ ಮೇಲೆ ತಮ್ಮ ಆಜ್ಞೆ ನಡೆಸುತ್ತಾರೆ. 777 ಪರಿಹಾರವಲ್ಲ, ಸಮಸ್ಯೆ ಏನೆಂದು ನೋಡಲು ನಿರಾಕರಿಸುವ ಬಗೆ.

ಇಡೀ ಯಂತ್ರಕ್ಕೇ ಒಂದೇ ಏಟಿಗೆ 777 ಕೊಟ್ಟವರ ಪಾಡು ಇನ್ನೂ ಕಷ್ಟ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ತಂತ್ರಾಂಶ ಬಹಳ ಕಟ್ಟುನಿಟ್ಟು. ಬಳಕೆದಾರರ ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರು ಬರೆಯುವಂತಿದ್ದರೆ ಅಲ್ಲಿರುವ ಕೀಲಿಗಳನ್ನು ಅದು ನಂಬುವುದೇ ಇಲ್ಲ. ಖಾಸಗಿ ಕೀಲಿಯ ಫೈಲನ್ನು ಉಳಿದವರು ಓದುವಂತಿದ್ದರೆ ಪರದೆಯ ಮೇಲೆ ದೊಡ್ಡಕ್ಷರದ ಎಚ್ಚರಿಕೆ ಮೂಡಿಸಿ ಅದನ್ನು ಬಳಸಲು ಒಪ್ಪುವುದಿಲ್ಲ. ರೂಟ್ ಹಕ್ಕು ಎರವಲು ಕೊಡುವ ‘ಸುಡೊ’ ಕೂಡ ತನ್ನ ನಿಯಮಗಳ ಫೈಲನ್ನು ಯಾರು ಬೇಕಾದರೂ ಬರೆಯಬಹುದು ಎಂದಾದರೆ ಕೆಲಸ ನಿಲ್ಲಿಸುತ್ತದೆ. ಎಲ್ಲವನ್ನೂ ತೆರೆದರೆ ಎಲ್ಲವೂ ನಡೆಯುತ್ತದೆ ಎಂದುಕೊಂಡವರು ಕೊನೆಗೆ ತಾವೇ ಹೊರಗುಳಿಯುತ್ತಾರೆ.

ರೂಟ್ ಕೈಯಲ್ಲಿ

ಬಳಕೆದಾರ ಸಂಖ್ಯೆ 0, ಹೆಸರು ರೂಟ್. ಮೇಲೆ ಹೇಳಿದ ಯಾವ ತಡೆಯೂ ಸಾಂಪ್ರದಾಯಿಕ ಯುನಿಕ್ಸ್‌ನಲ್ಲಿ ಅವನಿಗೆ ಅನ್ವಯಿಸುವುದಿಲ್ಲ. ಕನಿಷ್ಠ ಹಕ್ಕಿನ ಸೂತ್ರಕ್ಕೆ ಅತಿ ದೊಡ್ಡ ಸವಾಲು ಇವನೇ.

ಅಳತೆ ಮೀರಿದ ಹಕ್ಕು ಕೈಯಲ್ಲಿದ್ದರೆ ಏನಾದೀತು ಎಂಬುದಕ್ಕೆ ಒಂದು ಪ್ರಸಂಗ: 1998ರಲ್ಲಿ ಪಿಕ್ಸಾರ್ ಸ್ಟುಡಿಯೊ ‘ಟಾಯ್ ಸ್ಟೋರಿ 2’ ಚಿತ್ರ ತಯಾರಿಸುತ್ತಿತ್ತು. ಯಾರೋ ಒಬ್ಬರು ಚಿತ್ರದ ಫೈಲುಗಳಿದ್ದ ಡೈರೆಕ್ಟರಿಯ ಮೇಲೆ ಅಳಿಸುವ ಕಮಾಂಡ್ ಓಡಿಸಿದರು. ನೋಡನೋಡುತ್ತಿದ್ದಂತೆ ಪರದೆಯಲ್ಲಿ ವುಡಿ ಪಾತ್ರದ ಟೋಪಿ ಮಾಯ, ಬೂಟು ಮಾಯ, ಆಮೇಲೆ ವುಡಿಯೇ ಮಾಯ. ಚಿತ್ರದ ಸುಮಾರು 90 ಪ್ರತಿಶತ ಅಳಿಸಿಹೋಯಿತು ಎಂದು ಪಿಕ್ಸಾರ್‌ನ ಎಡ್ ಕ್ಯಾಟ್‌ಮಲ್ ಬರೆದಿದ್ದಾರೆ. ಬ್ಯಾಕಪ್ ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಚಿತ್ರವನ್ನು ಉಳಿಸಿದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಮನೆಯಲ್ಲೇ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಕೂರಿಸಿ ಸ್ಟುಡಿಯೊಗೆ ತಂದರು. 1999ರ ನವೆಂಬರಿನಲ್ಲಿ ಚಿತ್ರ ತೆರೆಕಂಡಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದೂ ಇದೇ ಜಾತಿಯದು. ತಡರಾತ್ರಿಯವರೆಗೂ ದುಡಿಯುತ್ತಿದ್ದ ಎಂಜಿನಿಯರ್ ಒಬ್ಬರು ಎರಡು ಸರ್ವರುಗಳಲ್ಲಿ ತಪ್ಪಾದುದರ ಮೇಲೆ ಡೇಟಾಬೇಸ್ ಡೈರೆಕ್ಟರಿ ಅಳಿಸಿದರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ 300 ಗಿಗಾಬೈಟ್‌ನಲ್ಲಿ ಉಳಿದದ್ದು ಸುಮಾರು 4.5. ಕಂಪನಿ ನಡೆದದ್ದನ್ನೆಲ್ಲ ಬಹಿರಂಗವಾಗಿ ಪ್ರಕಟಿಸಿದ್ದು ಮೆಚ್ಚಬೇಕಾದ ಮಾತು. ಈ ಎರಡೂ ಪ್ರಸಂಗಗಳಲ್ಲಿ ಕಮಾಂಡ್ ಟೈಪ್ ಮಾಡಿದವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ದಣಿದ ಮನುಷ್ಯರು ತಪ್ಪುತ್ತಾರೆ. ಆ ತಪ್ಪು ಇಡೀ ಡೈರೆಕ್ಟರಿಯನ್ನು ನುಂಗುವಷ್ಟು ಹಕ್ಕು ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಏಕಿತ್ತು ಎಂದು ಕೇಳಬೇಕು.

ರೂಟ್ ಹಕ್ಕನ್ನು ತುಸುವೇ ಎರವಲು ಕೊಡುವ ಉಪಾಯವನ್ನು ಡೆನಿಸ್ ರಿಚಿ ಮೊದಲೇ ಯೋಚಿಸಿದ್ದರು. ಸಾಮಾನ್ಯ ಬಳಕೆದಾರರು ತಮ್ಮ ಪಾಸ್‌ವರ್ಡ್ ಬದಲಿಸಬೇಕು, ಆದರೆ ಪಾಸ್‌ವರ್ಡ್ ಫೈಲಿಗೆ ಬರೆಯುವ ಹಕ್ಕು ರೂಟಿಗಷ್ಟೇ ಇದೆ. ಅದಕ್ಕೆ ‘ಸೆಟ್‌ಯುಐಡಿ’ ಗುರುತು. ಅದಿರುವ ಪ್ರೋಗ್ರಾಮನ್ನು ಯಾರೇ ಓಡಿಸಿದರೂ ಆ ಪ್ರೋಗ್ರಾಮು ತನ್ನ ಒಡೆಯರ ಹಕ್ಕಿನಲ್ಲಿ ಓಡುತ್ತದೆ. ಈ ಉಪಾಯಕ್ಕೆ 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ದೊರೆತ ಪೇಟೆಂಟನ್ನು ಬಳಿಕ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. ಉಪಾಯ ಚೆಂದ, ಆದರೆ ಅಂಥ ಪ್ರೋಗ್ರಾಮಿನಲ್ಲಿ ದೋಷವಿದ್ದರೆ ರೂಟ್ ಹಕ್ಕೇ ಪರರ ಪಾಲು. ಲಿನಕ್ಸ್‌ನ ‘ಪಿಕೆ‌ಎಕ್ಸೆಕ್’ ಎಂಬ ಸೆಟ್‌ಯುಐಡಿ ಪ್ರೋಗ್ರಾಮಿನಲ್ಲಿ 2009ರಿಂದ ಅಡಗಿದ್ದ ದೋಷ ಹೊರಬಿದ್ದದ್ದು 2022ರ ಜನವರಿಯಲ್ಲಿ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಅದು ಸರಿಯಾಗದೆ ಉಳಿದಿತ್ತು.

ರೂಟಿನ ಕೈಯನ್ನೇ ಕಟ್ಟುವ ಪ್ರಯತ್ನಗಳೂ ನಡೆದಿವೆ. 2015ರ ಮ್ಯಾಕ್ ಆವೃತ್ತಿಯಿಂದೀಚೆಗೆ ಸಿಸ್ಟಂ ಡೈರೆಕ್ಟರಿಗಳಲ್ಲಿ ರೂಟ್ ಕೂಡ ನೇರವಾಗಿ ಬರೆಯುವಂತಿಲ್ಲ.

ವಿಂಡೋಸ್ ಮತ್ತು ಆ ಮೂರು ಫೈಲುಗಳು

1993ರ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್, ಒಂಬತ್ತು ಗುರುತುಗಳ ಬದಲು ಪ್ರತಿ ಫೋಲ್ಡರಿಗೂ ವಿವರವಾದ ಹಕ್ಕುಪಟ್ಟಿ ಇಡುತ್ತದೆ. ಫೈಲು ಸೇರಿಸುವುದು, ಉಪಫೋಲ್ಡರ್ ಸೇರಿಸುವುದು, ಒಳಗಿನದನ್ನು ಅಳಿಸುವುದು ಎಲ್ಲಕ್ಕೂ ಪ್ರತ್ಯೇಕ ಹಕ್ಕು. ಮೇಲಿನ ಫೋಲ್ಡರಿನ ಹಕ್ಕು ಕೆಳಗಿನವಕ್ಕೆ ಆನುವಂಶಿಕವಾಗಿ ಇಳಿಯುತ್ತದೆ. ಯುನಿಕ್ಸ್‌ಗಿಂತ ಸೂಕ್ಷ್ಮವಾದ ವ್ಯವಸ್ಥೆ, ಆದ್ದರಿಂದಲೇ ಪರಿಶೀಲಿಸಲು ಕಷ್ಟ.

ಎಷ್ಟು ಕಷ್ಟ ಎಂಬುದು 2021ರ ಜುಲೈನಲ್ಲಿ ಗೊತ್ತಾಯಿತು. ವಿಂಡೋಸ್ ತನ್ನ ಬಳಕೆದಾರರ ಪಾಸ್‌ವರ್ಡುಗಳ ಹ್ಯಾಶ್ ರೂಪವನ್ನು ಸಿಸ್ಟಂ32ರೊಳಗಿನ ‘ಕಾನ್ಫಿಗ್’ ಫೋಲ್ಡರಿನ ಸ್ಯಾಮ್ ಎಂಬ ಫೈಲಿನಲ್ಲಿ ಇಡುತ್ತದೆ. ಅದು ಅಡ್ಮಿನಿಸ್ಟ್ರೇಟರ್ ಮತ್ತು ಸಿಸ್ಟಂಗೆ ಮಾತ್ರ ಮೀಸಲು. ಆದರೆ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಆ ಫೈಲನ್ನೂ ಜೊತೆಗಿದ್ದ ಸಿಸ್ಟಂ, ಸೆಕ್ಯುರಿಟಿ ಎಂಬ ಇನ್ನೆರಡು ಫೈಲುಗಳನ್ನೂ ಯಂತ್ರದ ಸಾಮಾನ್ಯ ಬಳಕೆದಾರರೂ ಓದಬಹುದಾಗಿತ್ತು. ವಿಂಡೋಸ್ ಓಡುತ್ತಿರುವಾಗ ಈ ಫೈಲುಗಳು ಬಳಕೆಯಲ್ಲಿರುವುದರಿಂದ ನೇರವಾಗಿ ತೆರೆಯಲು ಬರುವುದಿಲ್ಲ. ಆದರೆ ಹಿಂದಿನ ಸ್ಥಿತಿಗೆ ಮರಳಲೆಂದು ವಿಂಡೋಸ್ ತಾನೇ ಮಾಡಿಡುವ ಶ್ಯಾಡೋ ಪ್ರತಿಗಳಲ್ಲಿ ಅವು ಸಲೀಸಾಗಿ ಸಿಗುತ್ತಿದ್ದವು. ‘ಹೈವ್‌ನೈಟ್‌ಮೇರ್’ ಎಂದು ಹೆಸರಾದ ಈ ದೋಷಕ್ಕೆ ಮೈಕ್ರೋಸಾಫ್ಟ್ ಸೂಚಿಸಿದ ಪರಿಹಾರದಲ್ಲಿ ಪರ್ಮಿಷನ್ ಸರಿಪಡಿಸುವುದರ ಜೊತೆಗೆ ಹಳೆಯ ಶ್ಯಾಡೋ ಪ್ರತಿಗಳನ್ನು ಅಳಿಸುವುದೂ ಸೇರಿತ್ತು. ಹಕ್ಕು ಸಡಿಲವಿದ್ದ ಕಾಲದಲ್ಲಿ ತೆಗೆದ ಪ್ರತಿ ಆ ಸಡಿಲ ಹಕ್ಕನ್ನೇ ಹೊತ್ತುಕೊಂಡಿರುತ್ತದೆ.

ಮೊದಲೇ ಬಿಗಿಯಾಗಿಟ್ಟು, ಬೇಕಾದವರು ಬೇಕಾದಷ್ಟು ಸಡಿಲಿಸಿಕೊಳ್ಳಲಿ ಎಂಬ ವಿವೇಕ ಬರಲು ಲಿನಕ್ಸ್ ಜಗತ್ತಿಗೂ ಬಹುಕಾಲ ಹಿಡಿಯಿತು. ಉಬುಂಟುವಿನಲ್ಲಿ ಒಬ್ಬ ಬಳಕೆದಾರರ ಹೋಮ್ ಡೈರೆಕ್ಟರಿ ಹುಟ್ಟುವಾಗಲೇ 755 ಆಗಿರುತ್ತಿತ್ತು. ಒಂದೇ ಯಂತ್ರ ಬಳಸುವ ಇನ್ನೊಬ್ಬರು ಅದರೊಳಗಿನ ಪಟ್ಟಿ ನೋಡಬಹುದಿತ್ತು. 2021ರ ಏಪ್ರಿಲ್‌ನ 21.04 ಆವೃತ್ತಿಯಲ್ಲಿ ಅದು 750 ಆಯಿತು.

ಪ್ರೋಗ್ರಾಮು ತಾನಾಗಿಯೇ ಹಕ್ಕು ಬಿಟ್ಟುಕೊಡುವ ದಾರಿ ಇವೆಲ್ಲಕ್ಕಿಂತ ಆಸೆ ಹುಟ್ಟಿಸುವಂಥದ್ದು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ 2018ರ 6.4 ಆವೃತ್ತಿಯಲ್ಲಿ ‘ಅನ್‌ವೇಲ್’ ಎಂಬ ಸೌಲಭ್ಯ ಬಂತು. ತನಗೆ ಇಂತಿಂಥ ಡೈರೆಕ್ಟರಿಗಳು ಮಾತ್ರ ಸಾಕು ಎಂದು ಪ್ರೋಗ್ರಾಮು ಶುರುವಾಗುವಾಗಲೇ ಕರ್ನಲ್‌ಗೆ ಹೇಳುತ್ತದೆ. ಆಮೇಲೆ ಉಳಿದ ಡೈರೆಕ್ಟರಿಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಅಲ್ಲಿ ಕ್ರೋಮಿಯಂ ಬ್ರೌಸರಿಗೆ ಬಳಕೆದಾರರ ಸ್ವಂತ ಫೋಲ್ಡರುಗಳಲ್ಲಿ ಮುಖ್ಯವಾಗಿ ಸಿಗುವುದು ಡೌನ್‌ಲೋಡ್ಸ್. ಬ್ರೌಸರಿನಲ್ಲೇ ದೋಷವಿದ್ದು ಅದು ದುಷ್ಟರ ವಶವಾದರೂ ಎಸ್‌ಎಸ್‌ಎಚ್ ಕೀಲಿಯಿರುವ ಫೋಲ್ಡರು ಅದಕ್ಕೆ ಕಾಣದು. 2021ರಲ್ಲಿ ಲಿನಕ್ಸ್ 5.13 ಕರ್ನಲ್ ‘ಲ್ಯಾಂಡ್‌ಲಾಕ್’ ಹೆಸರಿನಲ್ಲಿ ಇದೇ ಬಗೆಯ ಸೌಲಭ್ಯ ತಂದಿತು. ಹೆಚ್ಚು ಪ್ರೋಗ್ರಾಮುಗಳು ಇದನ್ನು ಬಳಸಬೇಕು.

ಜೇಬಿನಲ್ಲಿರುವ ಫೈಲ್ ಸಿಸ್ಟಂ

ಸರ್ವರಿನ ಗೊಡವೆ ಇಲ್ಲದವರ ಕೈಯಲ್ಲೂ ಇಂದು ಆಂಡ್ರಾಯ್ಡ್ ಫೋನಿದೆ, ಅದರ ತಳದಲ್ಲಿ ಲಿನಕ್ಸ್ ಇದೆ. ಯುನಿಕ್ಸ್‌ನ ಬಳಕೆದಾರ ಎಂಬ ಹಳೆಯ ಕಲ್ಪನೆಯನ್ನು ಆಂಡ್ರಾಯ್ಡ್ ಚಮತ್ಕಾರವಾಗಿ ಬಳಸಿಕೊಂಡಿದೆ: ಪ್ರತಿ ಆ್ಯಪ್ ಒಬ್ಬ ಪ್ರತ್ಯೇಕ ಬಳಕೆದಾರ. ಪ್ರತಿ ಆ್ಯಪ್‌ಗೂ ತನ್ನದೇ ಸಂಖ್ಯೆ, ತನ್ನದೇ ಖಾಸಗಿ ಡೈರೆಕ್ಟರಿ. 2016ರ ಆಂಡ್ರಾಯ್ಡ್ 7ಕ್ಕೆಂದು ಬರೆದ ಆ್ಯಪ್‌ಗಳಿಂದ ಆ ಡೈರೆಕ್ಟರಿಯ ಮೋಡ್ 700. ಬ್ಯಾಂಕ್ ಆ್ಯಪ್ ಬಚ್ಚಿಟ್ಟದ್ದನ್ನು ಆಟದ ಆ್ಯಪ್ ನೋಡಲಾರದು.

ತೂತು ಇದ್ದದ್ದು ಎಲ್ಲರಿಗೂ ಸೇರಿದ ಜಾಗದಲ್ಲಿ. ಫೋಟೊ, ಡೌನ್‌ಲೋಡ್, ಕಡತಗಳೆಲ್ಲ ಇರುವ ಹಂಚಿಕೆಯ ಸ್ಟೋರೇಜಿಗೆ ಆ್ಯಪ್ ಒಮ್ಮೆ ಅನುಮತಿ ಪಡೆದರೆ ಅಲ್ಲಿರುವುದೆಲ್ಲ ಅದಕ್ಕೆ ತೆರೆದಂತೆ. ಟಾರ್ಚ್ ಆ್ಯಪ್ ಕೇಳಿದರೂ ಕೊಡುತ್ತಿದ್ದೆವು. 2018ರ ಆಗಸ್ಟ್‌ನಲ್ಲಿ ಫೋರ್ಟ್‌ನೈಟ್ ಆಟದ ಆಂಡ್ರಾಯ್ಡ್ ಇನ್‌ಸ್ಟಾಲರ್‌ನಲ್ಲಿ ಗೂಗಲ್ ಎಂಜಿನಿಯರುಗಳು ಪತ್ತೆಮಾಡಿದ ದೋಷ ಇದಕ್ಕೆ ತಕ್ಕ ಉದಾಹರಣೆ. ಇನ್‌ಸ್ಟಾಲರ್ ಆಟದ ಫೈಲನ್ನು ಹಂಚಿಕೆಯ ಸ್ಟೋರೇಜಿಗೆ ಇಳಿಸಿ, ಪರೀಕ್ಷಿಸಿ, ಆಮೇಲೆ ಅಳವಡಿಸುತ್ತಿತ್ತು. ಪರೀಕ್ಷೆಗೂ ಅಳವಡಿಕೆಗೂ ನಡುವಿನ ಕ್ಷಣದಲ್ಲಿ, ಅದೇ ಜಾಗದಲ್ಲಿ ಬರೆಯುವ ಹಕ್ಕಿದ್ದ ಬೇರೆ ಆ್ಯಪ್ ಆ ಫೈಲನ್ನು ಬದಲಾಯಿಸಿಬಿಡಬಹುದಿತ್ತು. ಆಟ ಅಳವಡಿಸುತ್ತಿದ್ದೇನೆ ಎಂದುಕೊಂಡವರ ಫೋನಿಗೆ ಬೇರೇನೋ ಇಳಿಯುತ್ತಿತ್ತು. ಇನ್‌ಸ್ಟಾಲರ್ ತನ್ನ ಖಾಸಗಿ ಡೈರೆಕ್ಟರಿಗೆ ಇಳಿಸಿಕೊಳ್ಳುವಂತೆ ಬದಲಿಸಿದ ಮೇಲೆ ದೋಷ ನಿವಾರಣೆಯಾಯಿತು. ಬದಲಾದದ್ದು ಡೈರೆಕ್ಟರಿ, ಅಷ್ಟೇ.

2019ರ ಆಂಡ್ರಾಯ್ಡ್ 10ರಿಂದ ಈ ಹಂಚಿಕೆಯ ಜಾಗವನ್ನೂ ಬಿಗಿಗೊಳಿಸಲಾಗುತ್ತಿದೆ. ಆ್ಯಪ್‌ಗಳು ತಾವು ಸೃಷ್ಟಿಸಿದ ಫೈಲುಗಳನ್ನಷ್ಟೇ ಸಲೀಸಾಗಿ ಮುಟ್ಟಬಹುದು, ಉಳಿದದ್ದಕ್ಕೆ ಕೇಳಬೇಕು. ಆದರೂ ‘ಆಲ್ ಫೈಲ್ಸ್ ಆ್ಯಕ್ಸೆಸ್’ ಎಂಬ ವಿಶೇಷ ಅನುಮತಿಯೊಂದು ಇದೆ. ಹಂಚಿಕೆಯ ಸ್ಟೋರೇಜಿನಲ್ಲಿರುವ ಬಹುಪಾಲು ಎಲ್ಲವನ್ನೂ ಓದುವ, ಬರೆಯುವ, ಅಳಿಸುವ ಹಕ್ಕು ಅದರಲ್ಲಿದೆ. ಅದು ನಿಜವಾಗಿ ಬೇಕಾಗುವುದು ಫೈಲ್ ಮ್ಯಾನೇಜರ್, ಬ್ಯಾಕಪ್, ಆ್ಯಂಟಿವೈರಸ್‌ನಂಥ ಕೆಲವೇ ಆ್ಯಪ್‌ಗಳಿಗೆ.

ಓದುಗರು ಈ ವಾರಾಂತ್ಯವೇ ಒಂದು ಕೆಲಸ ಮಾಡಬಹುದು. ಫೋನಿನ ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದ ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’ ಒಳಗೆ ‘ಆಲ್ ಫೈಲ್ಸ್ ಆ್ಯಕ್ಸೆಸ್’ ಪಟ್ಟಿ ನೋಡಿ. ಫೋನಿನ ಕಂಪನಿಗೆ ತಕ್ಕಂತೆ ಹೆಸರುಗಳು ತುಸು ಆಚೀಚೆ ಇರಬಹುದು, ಸೆಟ್ಟಿಂಗ್ಸ್‌ನಲ್ಲೇ ಹುಡುಕಿದರೆ ಸಿಗುತ್ತದೆ. ಅಲ್ಲಿ ವಾಲ್‌ಪೇಪರ್, ಕೀಬೋರ್ಡ್, ಆಟ, ಸಾಲ ಕೊಡುವ ಆ್ಯಪ್ ಯಾವುದಾದರೂ ಕಂಡರೆ ಸ್ವಿಚ್ ಆಫ್ ಮಾಡಿ. ಮನೆಯ ಹಿರಿಯರ ಫೋನನ್ನೂ ಒಮ್ಮೆ ಕೂತು ನೋಡಿಕೊಡಿ.